ಸಾಹೇಬರ ದುಭಾಷಿಯೂ ನನ್ನ ಹೊಟ್ಟೆಕಿಚ್ಚೂ

ಮೊದಲೇ ಹೇಳಿಬಿಡುತ್ತೇನೆ, ಈ ಮನುಷ್ಯನನ್ನು ಕಂಡರೆ ನನಗೆ ಹನ್ನೊಂದು ವರ್ಷ ಹೊಟ್ಟೆ ಉರಿದಿದೆ. ನಾನು ಬರೆಯುವುದನ್ನು ಓದುವವರು ಅಷ್ಟು ಖಾರ ಕಳೆದು ಓದಿಕೊಳ್ಳಬೇಕು. ಬೇರೆ ಯಾರಾದರೂ ಬರೆಯಲಿ ಎಂದು ಸುಮ್ಮನಿರೋಣವೆಂದರೆ, ಅವನ ಬಗ್ಗೆ ಬರೆಯುವವರು ಯಾರೂ ಇಲ್ಲ. ಸಾಹೇಬರ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು, ಫೋಟೋ ಹಾಕಿದವು. ಆ ಫೋಟೋಗಳಲ್ಲಿ ಸಾಹೇಬರ ಭುಜದ ಹಿಂದೆ ಅರ್ಧ ಕಿವಿ, ಒಂದು ಕನ್ನಡಕದ ಕಡ್ಡಿ ಕಾಣಿಸುತ್ತದೆಯಲ್ಲ, ಅದು ಅವನು. ನಾನು ಅಷ್ಟೂ ಕಾಣಿಸುವುದಿಲ್ಲ.

ನಾನು ವಿದೇಶಾಂಗ ಕಚೇರಿಯ ಸ್ಟೆನೋ. ಸಾಹೇಬರೆಂದರೆ ನೆರೆದೇಶಗಳ ಜೊತೆಗಿನ ಮಾತುಕತೆಗಳನ್ನೆಲ್ಲ ನಡೆಸುತ್ತಿದ್ದ ಹಿರಿಯ ರಾಜತಾಂತ್ರಿಕರು. ಅವರು ಹೇಳಿದ್ದನ್ನು ಇಪ್ಪತ್ನಾಲ್ಕು ವರ್ಷ ಬರೆದುಕೊಂಡಿದ್ದೇನೆ. ಅವನು ದುಭಾಷಿ. ನಮ್ಮ ನದಿ ಹುಟ್ಟುವುದು ಗಡಿಯಾಚೆಯ ದೇಶದಲ್ಲಿ. ಕಚೇರಿಯಲ್ಲಿ ನಾವು ಅವರನ್ನು ‘ಮೇಲಿನವರು’ ಎನ್ನುತ್ತೇವೆ. ಮೇಲಿನವರು ಬಂದಾಗ ಅವರ ಮಾತನ್ನು ನಮಗೆ, ನಮ್ಮ ಮಾತನ್ನು ಅವರಿಗೆ ದಾಟಿಸುವುದು ಅವನ ಕೆಲಸ.

ಮಾತುಕತೆಯ ಕೋಣೆ ಎರಡನೇ ಮಹಡಿಯಲ್ಲಿದೆ. ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಆಚೆ ಐದು ಕುರ್ಚಿ, ಈಚೆ ಐದು ಕುರ್ಚಿ. ಸಾಹೇಬರ ಎಡಕ್ಕೆ, ಗೋಡೆಗೆ ಒತ್ತಿ, ಕೈಯಿಲ್ಲದ ಒಂದು ಸಣ್ಣ ಕುರ್ಚಿ ನನ್ನದು. ಬಲಕ್ಕೆ, ಅವರ ಕಿವಿಗೆ ಒಂದು ಗೇಣು ದೂರದಲ್ಲಿ, ಕೈಯಿರುವ ಕುರ್ಚಿ ಅವನದು. ಅವನ ಕುರ್ಚಿಗೆ ಕೈ ಏಕೆ ಬೇಕಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬರೆಯುವವಳು ನಾನು, ಮೊಣಕೈ ನೋಯುವುದು ನನಗೆ.

ಅವನು ಬರುವುದಕ್ಕೆ ಮುಂಚಿನ ಹದಿಮೂರು ವರ್ಷ ನನ್ನ ಕಾಲ. ಸಾಹೇಬರು ಕೂತು ಹೇಳಿ ಬರೆಸುವವರಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಾ ಹೇಳುತ್ತಿದ್ದರು. ವರದಿಯಲ್ಲಿ ‘ಗೆಲುವು’ ಎಂಬ ಪದ ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಯಾರೇ ಬರೆದಿರಲಿ ಹೊಡೆದುಹಾಕುತ್ತಿದ್ದರು. "ಸಹಿ ಹಾಕಿ ಮನೆಗೆ ಹೋದ ಮನುಷ್ಯನಿಗೆ ಅವನ ಮನೆಯವರು ಉಗೀಬಾರದಮ್ಮ. ಉಗಿದ್ರೆ ಆ ಒಪ್ಪಂದ ಎರಡು ಬೇಸಿಗೆ ಬಾಳಲ್ಲ" ಎನ್ನುತ್ತಿದ್ದರು. ಸಮುದ್ರದಾಚೆಯ ದೊಡ್ಡ ದೇಶವೊಂದು ನಮ್ಮ ಪರವಾಗಿ ನದಿಯ ವಿಷಯ ಮಾತಾಡುತ್ತೇನೆಂದು ಮುಂದೆ ಬಂದಾಗ ಕಚೇರಿಗೆ ಕಚೇರಿಯೇ ಸಿಹಿ ಸುದ್ದಿ ಬಂದ ಹಾಗೆ ಕುಣಿಯಿತು. ಸಾಹೇಬರು ಮಾತ್ರ, "ಬೇಡ ಅನ್ನಿ, ನಯವಾಗಿ. ಇವತ್ತು ನಮ್ಮ ಪರವಾಗಿ ಮಾತಾಡಿದೋರು ನಾಳೆ ನಮ್ಮ ಬದಲಾಗಿ ಮಾತಾಡ್ತಾರೆ" ಎಂದು ಬರೆಸಿದರು. ಪತ್ರಿಕೆಯವರ ಮುಂದೆ ಗುಡುಗುವ ಮಂತ್ರಿಗಳನ್ನು ಕಂಡರೆ ಅವರಿಗೆ ನಗು. ಹೊರಗೆ ಗಟ್ಟಿಯಾಗಿ ಹೇಳಿದ್ದನ್ನೆಲ್ಲ ಒಳಗೆ ಬಂದು ಒಂದೊಂದಾಗಿ ನುಂಗಬೇಕಾಗುತ್ತದೆ, ನುಂಗುವ ಗಂಟಲು ಮಂತ್ರಿಗಳದ್ದಲ್ಲವಲ್ಲ ಎನ್ನುತ್ತಿದ್ದರು.

ಇದೆಲ್ಲ ನನಗೆ ಬಾಯಿಪಾಠವಾಗಿತ್ತು. ಒಂದು ಸಲ ಅವರು ಒಂದು ವಾಕ್ಯದ ನಡುವೆ ನಿಂತಾಗ ಉಳಿದರ್ಧವನ್ನು ನಾನೇ ಹೇಳಿಬಿಟ್ಟೆ. ಸಾಹೇಬರು ಕಿಟಕಿಯ ಹತ್ತಿರ ನಿಂತು ಜೋರಾಗಿ ನಕ್ಕು, "ಇನ್ನು ನಾನು ಮನೇಲಿ ಮಲಗಬಹುದು, ನೀವೇ ನೋಡ್ಕೊಳ್ಳಿ" ಎಂದರು. ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ, ಕಾಲು ನೋಯಲಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ದೊಡ್ಡ ಕುರ್ಚಿ ಬಿಟ್ಟು ಹೋಗುವವರು ಮುಂದೆ ಬರುವವರಿಗೆಂದು ಒಂದು ಟಿಪ್ಪಣಿ ಬರೆಸಿಟ್ಟು ಹೋಗುತ್ತಾರೆ. ಯಾವ ದೇಶದವರ ಜೊತೆ ಹೇಗಿರಬೇಕು, ಯಾರ ಮಾತು ನಂಬಬಹುದು, ಎಲ್ಲಿ ಬಾಯಿ ಬಿಡಬಾರದು, ಎಲ್ಲವೂ ಅದರಲ್ಲಿರುತ್ತದೆ. ಕಡತದಲ್ಲಿ ಸೇರಿಸುವಂತಿಲ್ಲ, ನಕಲು ಇಲ್ಲ. ಒಂದೇ ಪ್ರತಿ, ಲಕೋಟೆ, ಅರಗಿನ ಮುದ್ರೆ. ಅದನ್ನು ಬರೆಸುವಾಗ ಎದುರಿಗೆ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳುತ್ತಾರೆ. ಆ ಒಬ್ಬರೆಂದರೆ ಇಡೀ ಕಟ್ಟಡದಲ್ಲಿ ಸಾಹೇಬರು ಯಾರನ್ನು ನಂಬಿದ್ದರು ಎಂಬುದಕ್ಕೆ ಪುರಾವೆ. ಆ ಕುರ್ಚಿ ನನ್ನದೆಂದು ನಾನು ಹದಿಮೂರು ವರ್ಷ ಗಟ್ಟಿಯಾಗಿ ನಂಬಿದ್ದೆ. ಆಮೇಲೆ ಇವನು ಬಂದ.

ಅವನು ಬಂದದ್ದು ಗಡಿಯ ಸೇತುವೆಯ ಪಕ್ಕದ ಪೇಟೆಯಿಂದ. ಅಪ್ಪ ಸುಂಕದ ಕಟ್ಟೆಯಲ್ಲಿ ಲಾರಿ ತೂಗಿಸುವ ಗುಮಾಸ್ತ, ಅಮ್ಮ ಸೇತುವೆಯ ಆಚೆಯವಳು. ಮನೆಯಲ್ಲಿ ಅಮ್ಮ ಬೈಯುವುದು ಒಂದು ಭಾಷೆಯಲ್ಲಿ, ಅಪ್ಪ ಸಮಾಧಾನ ಮಾಡುವುದು ಇನ್ನೊಂದರಲ್ಲಿ. ಇಬ್ಬರೂ ಮಾತು ಬಿಟ್ಟಾಗ ನಡುವೆ ಸುದ್ದಿ ಸಾಗಿಸಿಯೇ ತಾನು ಕೆಲಸ ಕಲಿತೆನೆಂದು ಅವನೇ ಹೇಳಿ ನಗುತ್ತಿದ್ದ. ಅವನ ಅಕ್ಕನನ್ನು ಆಚೆಗೇ ಕೊಟ್ಟಿದ್ದರು. ವರ್ಷಕ್ಕೆರಡು ಸಲ ಪಾಸು ಮಾಡಿಸಿಕೊಂಡು, ಸೇತುವೆ ದಾಟಿ, ಮೂರು ದಿನ ಅಕ್ಕನ ಮನೆಯಲ್ಲಿದ್ದು ಬರುತ್ತಿದ್ದ. ಬಂದವನ ಮುಖ ನೋಡಿದರೆ ಸಾಕು, ಎಷ್ಟು ಮಾತಾಡಿ ಬಂದಿದ್ದಾನೆಂದು ಗೊತ್ತಾಗುತ್ತಿತ್ತು.

ನೋಡುವುದಕ್ಕೆ ಏನೂ ಇಲ್ಲದ ಮನುಷ್ಯ. ಬೂದಿ ಬಣ್ಣದ ಒಂದೇ ಕೋಟು, ಮೆತ್ತಗಿನ ದನಿ, ಬಿಸಿನೀರಿನ ಫ್ಲಾಸ್ಕು. ಬಲಗೈಯನ್ನು ಮೊಣಕಾಲಿನ ಮೇಲೆ ಅಂಗಾತ ಇಟ್ಟುಕೊಂಡರೆ ಎರಡು ಗಂಟೆ ಅಲ್ಲಾಡಿಸುತ್ತಿರಲಿಲ್ಲ. ದುಭಾಷಿಗಳ ನಿಯಮದಂತೆ ಅವನು ‘ಅವರು ಹೇಳುತ್ತಾರೆ’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ಮೇಲಿನವರ ಮುಖ್ಯಸ್ಥರು ಬಿಳಿ ಹುಬ್ಬಿನ ಆಜಾನುಬಾಹು, ಎಂಜಿನಿಯರಾಗಿದ್ದು ಅಧಿಕಾರಿಯಾದವರು. ಅವರು ಗುಡುಗಿದ್ದನ್ನು ಇವನು ಹುಷಾರಿಲ್ಲದವರ ಹತ್ತಿರ ಮಾತಾಡುವ ದನಿಯಲ್ಲಿ, "ಆ ಅಣೆಕಟ್ಟನ್ನು ಕಟ್ಟಿದವನು ನಾನು, ನನಗೆ ನೀರಿನ ಪಾಠ ಬೇಡ" ಎನ್ನುತ್ತಿದ್ದ. ಮೊದಲ ದಿನ ನಾನು ನಗು ತಡೆಯಲಾರದೆ ಕೆಮ್ಮಿದೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಸಾಹೇಬರು ನನ್ನನ್ನು ಇಪ್ಪತ್ನಾಲ್ಕು ವರ್ಷವೂ ‘ನೀವು’ ಎಂದವರು, ಇವನನ್ನು ಎರಡನೇ ತಿಂಗಳಿಗೇ ‘ಬಾರಯ್ಯ’ ಎಂದರು. ಪ್ರತಿ ಸಭೆ ಮುಗಿದ ಮೇಲೂ "ಬಾರಯ್ಯ, ಒಂದು ನಿಮಿಷ" ಎಂದು ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಒಂದು ನಿಮಿಷ ಗಡಿಯಾರದಲ್ಲಿ ಹದಿನೈದು ನಿಮಿಷವಾಗುತ್ತಿತ್ತು. ನಾನು ಹೊರಗೆ ಕೂತು ಟೈಪ್ ಮಾಡುತ್ತಾ ಮಾಡುತ್ತಾ ಕೈ ನಿಲ್ಲಿಸಿ ಕೇಳುತ್ತಿದ್ದೆ. ಹಳೆಯ ಕಟ್ಟಡದ ಬಾಗಿಲು, ದಪ್ಪ ಮರ. ಏನೂ ಕೇಳಿಸುತ್ತಿರಲಿಲ್ಲ. ನನಗೆ ಹೇಳದ ಯಾವ ವಿದೇಶಾಂಗ ನೀತಿಯನ್ನು ಇವನಿಗೆ ಹೇಳುತ್ತಿದ್ದಾರೆ? ನಾನು ಬರೆದುಕೊಳ್ಳದ ಮಾತೂ ಸಾಹೇಬರ ಬಾಯಲ್ಲಿದೆ ಎಂಬುದನ್ನು ನನ್ನಿಂದ ಸಹಿಸಲಾಗಲಿಲ್ಲ.

ಇಷ್ಟರ ಮೇಲೆ ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ. "ಅಕ್ಕ, ಬಿಸಿನೀರು ಕೊಡ್ಲಾ? ಅಕ್ಕ, ಬೆನ್ನಿಗೆ ಒಂದು ದಿಂಬು ಇಟ್ಕೊಳ್ಳಿ." ನಾಲ್ಕೇ ವರ್ಷ ದೊಡ್ಡವಳು ನಾನು. ಮೈಯೆಲ್ಲ ಉರಿಯುತ್ತಿತ್ತು.

ಮನೆಯಲ್ಲಿ ಇದೆಲ್ಲ ತಮಾಷೆಯಾಯಿತು. ನಮ್ಮ ಮನೆಯವರಿಗೆ ಗಡಿಯಾರ ರಿಪೇರಿಯ ಅಂಗಡಿ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, "ಏನಂತಾನೆ ನಿನ್ನ ಸವತಿ?" ಎಂದು ಕೇಳುತ್ತಿದ್ದರು.

"ಸವತಿಯಾಗಿದ್ರೆ ಜಡೆ ಹಿಡಿದು ಎರಡು ಬಿಗೀಬಹುದಿತ್ತು. ಇವನಿಗೆ ತಲೆಮೇಲೆ ಕೂದಲೂ ಇಲ್ಲ" ಎನ್ನುತ್ತಿದ್ದೆ.

ಐದು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಆಮೇಲೆ ಒಂದು ದಿನ, ಅವನ ಹತ್ತಿರ ಇರುವುದೇನು, ಆ ಒಂದು ಭಾಷೆ ತಾನೇ, ನಾನೂ ಕಲಿತರೆ ಆಯಿತು ಎನ್ನಿಸಿತು. ಕಲಿತು ಸಾಹೇಬರ ಮುಂದೆ ಹೇಳಿ ಮೆಚ್ಚಿಸಬೇಕೆಂದಲ್ಲ. ಅವನು ಎಲ್ಲಾದರೂ ಎಡವುತ್ತಾನೆ, ಎಡವಿದ್ದನ್ನು ಹಿಡಿಯಬೇಕು ಎಂದು. ಹಳೆಯ ಪುಸ್ತಕದ ಅಂಗಡಿಯಲ್ಲಿ ಒಂದು ವ್ಯಾಕರಣದ ಪುಸ್ತಕ ಸಿಕ್ಕಿತು. ಮೇಲಿನವರ ರೇಡಿಯೋ ಬೆಳಗ್ಗೆ ಆರಕ್ಕೆ ವಾರ್ತೆ ಓದುತ್ತಿತ್ತು. ಆರು ವರ್ಷ ಪಾತ್ರೆ ತೊಳೆಯುತ್ತಾ, ಬಟ್ಟೆ ಹಿಂಡುತ್ತಾ, ವಾರ್ತೆಯವಳ ಹಿಂದೆಯೇ ಗೊಣಗಿದೆ. "ಅಮ್ಮ, ಬೆಳಬೆಳಗ್ಗೆ ಯಾರಿಗೆ ಶಾಪ ಹಾಕ್ತಿದ್ದೀಯಾ?" ಎಂದು ಮಗಳು ಕೇಳಿದಳು. ಅವಳಿಗೂ ಹೇಳಲಿಲ್ಲ. ಕಚೇರಿಯಲ್ಲಂತೂ ಬಾಯಿಗೆ ಬೀಗ.

ಎಷ್ಟು ಕಲಿತರೂ ಅವನು ಎಡವಲಿಲ್ಲ. ಅದು ಇನ್ನೊಂದು ಉರಿ. ಮೇಲಿನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದನ್ನು ಅವನೂ ಸರಿಯಾಗಿ ಅದೇ ಗೋಡೆಯ ಮೇಲೆ, ಅದೇ ಜಾಗದಲ್ಲಿ ಇಡುತ್ತಿದ್ದ. ನಾನು ಮನಸ್ಸಿನಲ್ಲಿ ಅನುವಾದ ಮಾಡಿಕೊಂಡು ಕಾಯುತ್ತಿದ್ದೆ. ಅವನದು ನನ್ನದಕ್ಕಿಂತ ಚೆನ್ನಾಗಿರುತ್ತಿತ್ತು.

ಸಾಹೇಬರ ನಿವೃತ್ತಿಗೆ ಎಂಟು ತಿಂಗಳಿದ್ದಾಗ ನದಿಯ ಕೊನೆಯ ಸುತ್ತಿನ ಮಾತುಕತೆ ಶುರುವಾಯಿತು. ಬೇಸಿಗೆಯಲ್ಲಿ ಮೇಲಿನವರು ಅಣೆಕಟ್ಟಿನ ಬಾಗಿಲನ್ನು ಎಷ್ಟು ದಿನ ತೆರೆದಿಡಬೇಕು ಎಂಬುದಷ್ಟೇ ಪ್ರಶ್ನೆ. ನಾವು ಅರವತ್ತು ದಿನ ಕೇಳಿದೆವು. ಅವರು ಮೂವತ್ತು ಎಂದರು. ನಲವತ್ತಕ್ಕೆ ಬಂದರೆ ಸಹಿ ಹಾಕೋಣ, ನಮ್ಮ ಪಟ್ಟಣಗಳಿಗೆ ಅಷ್ಟು ಸಾಕು ಎಂದು ಸಾಹೇಬರು ನನ್ನಿಂದಲೇ ಬರೆಸಿದ್ದರು. ಎರಡನೇ ದಿನ ಮಧ್ಯಾಹ್ನ ಬಿಳಿ ಹುಬ್ಬಿನವರು ಚಹಾದ ಕಪ್ಪನ್ನು ಬಾಯಿಗೆ ಅಡ್ಡ ಹಿಡಿದು ಪಕ್ಕದವರಿಗೆ ಪಿಸುಗುಟ್ಟಿದರು. ನನಗೆ ಒಂದಕ್ಷರವೂ ತಪ್ಪದೆ ಕೇಳಿಸಿತು. ‘ನಲವತ್ತೈದರವರೆಗೆ ಹೋಗಬಹುದು. ಅದರ ಮೇಲೆ ಒಂದು ದಿನ ಕೊಟ್ಟರೂ ಊರಿಗೆ ಹೋದ ಮೇಲೆ ನನ್ನ ಕುರ್ಚಿ ಇರುವುದಿಲ್ಲ.’

ನಾನು ದುಭಾಷಿಯ ಕಡೆ ನೋಡಿದೆ. ಅವನಿಗೂ ಕೇಳಿಸಿತ್ತು, ನನಗಿಂತ ಹತ್ತಿರ ಕೂತಿದ್ದವನು. ಅವನು ಸಾಹೇಬರ ಕಿವಿಗೆ ಬಾಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತೆಗೆದು ಬಿಸಿನೀರು ಬಗ್ಗಿಸಿಕೊಂಡು ಕುಡಿದ.

ಸಿಕ್ಕಿಬಿದ್ದೆಯಲ್ಲಪ್ಪ ಎಂದುಕೊಂಡೆ. ಅನ್ನ ಕೊಟ್ಟ ದೇಶಕ್ಕೆ ಹೇಳಬೇಕಾದ್ದನ್ನು ನುಂಗಿದ, ಅಮ್ಮನ ಕಡೆಯ ರಕ್ತ ಎಳೆಯಿತು, ಹೀಗೆಲ್ಲ ಅಂದುಕೊಂಡೆ. ಅದನ್ನು ದೇಶಪ್ರೇಮವೆಂದೇ ನಂಬಿದೆ. ಈಗ ಹೇಳುತ್ತೇನೆ, ದೇಶಕ್ಕೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ಅಂದು ಸಂಜೆ ಸಭೆಯ ವರದಿಯನ್ನು ಟೈಪ್ ಮಾಡುವಾಗ ಆ ಪಿಸುಮಾತನ್ನು ಪೂರ್ತಿಯಾಗಿ ಸೇರಿಸಿದೆ. ಕೆಳಗೆ ಇನ್ನೊಂದು ಸಾಲು ಹಾಕಿದೆ: ‘ದುಭಾಷಿ ಇದನ್ನು ಅನುವಾದಿಸಲಿಲ್ಲ.’ ವರದಿಗೆ ಎರಡು ಪ್ರತಿ, ಒಂದು ಸಾಹೇಬರಿಗೆ, ಒಂದು ಮಂತ್ರಿಗಳ ಕಚೇರಿಗೆ. ಸಾಹೇಬರು ಓದದೆ ಮಂತ್ರಿಗಳಿಗೆ ಹೋಗುವ ವಾಡಿಕೆಯಿಲ್ಲ. ಆದರೆ ಅವರು ಅತಿಥಿಗಳ ಜೊತೆ ಊಟಕ್ಕೆ ಹೋಗಿದ್ದರು, ಅವರ ಕೈಕೆಳಗಿನ ಕಿರಿಯ ಅಧಿಕಾರಿ ಅಲ್ಲೇ ಇದ್ದರು. ಚುರುಕು ಮನುಷ್ಯ, ಬೇಗ ಮೇಲೆ ಹೋಗುವ ಆಸೆಯವರು. ಅವರ ಮುಂದೆ ವರದಿ ಇಟ್ಟೆ. ಆ ಸಾಲಿಗೆ ಬಂದಾಗ ಅವರ ಕಣ್ಣು ಅರಳಿತು. ಸಹಿ ಹಾಕಿ ಆ ಕ್ಷಣವೇ ಕಳಿಸಿಬಿಟ್ಟರು. ಸಾಹೇಬರು ಬರುವವರೆಗೆ ತಡೆಯಿರಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಸಾಹೇಬರು ನನ್ನನ್ನು ಕರೆದರು. ವರದಿ ಮೇಜಿನ ಮೇಲಿತ್ತು. ಆ ದಿನ ಅವರು ನಡೆದಾಡಲಿಲ್ಲ, ಕೂತೇ ಇದ್ದರು.

"ಇದನ್ನ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸರ್. ನಾನೇ ಕೇಳಿಸ್ಕೊಂಡೆ. ನನಗೆ ಆ ಭಾಷೆ ಬರುತ್ತೆ."

"ಯಾವಾಗಿಂದ?"

"ಆರು ವರ್ಷದಿಂದ."

ಹೊಗಳುತ್ತಾರೆ ಎಂದು ಆಗಲೂ ಕಾದೆ ನೋಡಿ, ನನ್ನ ಬುದ್ಧಿಗಿಷ್ಟು. ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅವನು ಬಂದ ಮೊದಲನೇ ವಾರಾನೇ ನಾನು ಹೇಳಿದ್ದೆ ಕಣಮ್ಮ. ಅವರು ನಮಗೆ ಅಂತ ಹೇಳಿದ್ದು ಮಾತ್ರ ಮಾತು. ಅವರವರಲ್ಲೇ ಆಡ್ಕೊಂಡಿದ್ದು ನನ್ನ ಕಿವಿಗೆ ಬೀಳಬಾರದು. ಅವರ ಮನೆ ಮಾತನ್ನ ಕದ್ದು ಕೇಳ್ತೀವಿ ಅಂತ ಗೊತ್ತಾದ ದಿನ ಅವರು ಈ ಮೇಜಿನ ಹತ್ರ ಉಸಿರೂ ಬಿಡಲ್ಲ. ನಾವು ಅವರ ಕೆಳಗಿರೋ ದೇಶ. ನೀರು ಅವರ ಕೈಲಿದೆ. ನಮ್ಮ ಕೈಲಿ ಇರೋದು ಈ ಮೇಜು ಒಂದೇ. ಅದನ್ನ ನಾನು ಹನ್ನೊಂದು ವರ್ಷ ಕಾಪಾಡ್ಕೊಂಡು ಬಂದಿದ್ದೆ."

"ಆದ್ರೆ ಸರ್, ಐದು ದಿನದ ನೀರು ಹೆಚ್ಚಿಗೆ ಸಿಗುತ್ತಲ್ಲ?"

"ಸಿಗುತ್ತೆ. ಈ ವರ್ಷ ಸಿಗುತ್ತೆ. ಅವರ ಕುತ್ತಿಗೆ ಹಿಡಿದು ಈಸ್ಕೊಂಡಿದ್ದನ್ನ ಮುಂದಿನ ವರ್ಷ ಅವರು ಬೇರೆ ಯಾವುದೋ ದಾರೀಲಿ ಕಿತ್ಕೋತಾರೆ." ಕನ್ನಡಕ ಮತ್ತೆ ಹಾಕಿಕೊಂಡು, "ಮಂತ್ರಿಗಳ ಫೋನ್ ಬಂದಾಯ್ತು. ನಲವತ್ತೈದಕ್ಕೆ ಪಟ್ಟು ಹಿಡೀಬೇಕಂತೆ. ನೀವು ಬಂದು ಬರ್ಕೊಳ್ಳಿ" ಎಂದರು.

ಹತ್ತು ಗಂಟೆಗೆ ಎಲ್ಲರೂ ಕೂತರು. ಸಾಹೇಬರು ಹವಾಮಾನ, ಪ್ರಯಾಣ ಎಂದು ಮಾತನ್ನು ಎಳೆದರು. ಅರವತ್ತರಿಂದ ಐವತ್ತೆರಡಕ್ಕೆ ಇಳಿದರು, ಅಲ್ಲಿಂದ ಇನ್ನೆಲ್ಲಿಗೋ ತಿರುಗಿಸಿ ಆ ಸಂಖ್ಯೆಯನ್ನು ತಪ್ಪಿಸಿಕೊಂಡು ಹೋಗಲು ನೋಡುತ್ತಿದ್ದರೆಂದು ನನಗೆ ಗೊತ್ತಾಯಿತು. ಅವರ ವಾಕ್ಯದ ಉಳಿದರ್ಧ ನನಗೆ ತಿಳಿಯುತ್ತದಲ್ಲ. ಆದರೆ ಕಿರಿಯ ಅಧಿಕಾರಿಗೆ ತಡೆಯಲಾಗಲಿಲ್ಲ. ಮುಂದಕ್ಕೆ ಬಾಗಿ, "ನಲವತ್ತೈದು ದಿನ. ಅದಕ್ಕೆ ಒಂದು ದಿನ ಕಡಿಮೆಯಾದರೂ ನಮಗೆ ಬೇಡ" ಎಂದುಬಿಟ್ಟರು.

ದುಭಾಷಿ ಒಂದು ಉಸಿರಿನಷ್ಟು ತಡೆದ. ಹನ್ನೊಂದು ವರ್ಷದಲ್ಲಿ ಅವನು ಹಾಗೆ ತಡೆದದ್ದು ಅದೊಂದೇ ಸಲ. ಆ ಸಂಖ್ಯೆಯನ್ನು ಅವನ ಬಾಯಿಂದಲೇ ಹೇಳಬೇಕಾಗಿತ್ತು. ಹೇಳಿದ, ಅದೇ ಮೆತ್ತನೆಯ ದನಿಯಲ್ಲಿ, ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ. ಬಿಳಿ ಹುಬ್ಬಿನವರು ಸಾಹೇಬರನ್ನು ನೋಡಲಿಲ್ಲ, ಕಿರಿಯ ಅಧಿಕಾರಿಯನ್ನೂ ನೋಡಲಿಲ್ಲ. ದುಭಾಷಿಯನ್ನೇ ನೋಡಿದರು. ತುಂಬಾ ಹೊತ್ತು ನೋಡಿ, ಕಾಗದಗಳನ್ನು ಜೋಡಿಸಿಕೊಂಡು ಎದ್ದರು. ಎದ್ದು ನಿಂತು ಹೇಳಿದ ಮಾತನ್ನೂ ಇವನೇ ಅನುವಾದಿಸಬೇಕಾಯಿತು: "ಈ ಮನುಷ್ಯ ಕೂತಿರುವ ಕೋಣೆಯಲ್ಲಿ ನಾನು ಇನ್ನು ಕೂರುವುದಿಲ್ಲ."

ಅನುವಾದಿಸಿ, ಫ್ಲಾಸ್ಕಿಗೆ ಮುಚ್ಚಳ ಹಾಕಿ, ಅವನು ಒಂದೇ ಒಂದು ಸಲ ನನ್ನ ಕಡೆ ತಿರುಗಿದ. ನಾನು ಪ್ಯಾಡಿನ ಮೇಲೆ ಕಣ್ಣು ನೆಟ್ಟೆ. ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಬರೆಯುತ್ತಿದ್ದೆ.

ಮಾತುಕತೆ ಐದು ತಿಂಗಳು ನಿಂತುಹೋಯಿತು. ಆ ಬೇಸಿಗೆ ಒಂದು ದಿನವೂ ಬಾಗಿಲು ತೆರೆಯಲಿಲ್ಲ. ತಪ್ಪು ಯಾರದ್ದೆಂದು ಮೇಲಿನವರಿಗೆ ಹೇಳಬೇಕಾಗಿತ್ತು. ನಮ್ಮ ಸ್ಟೆನೋಗೆ ನಿಮ್ಮ ಭಾಷೆ ಬರುತ್ತದೆ ಎಂದರೆ ಹಿಂದಿನ ಆರು ವರ್ಷದ ಒಂದೊಂದು ಸಭೆಯನ್ನೂ ಅವರು ಅನುಮಾನಿಸುತ್ತಿದ್ದರು. ದುಭಾಷಿ ಒಂದು ಸಲ ಬಾಯಿಬಿಟ್ಟ ಎಂದರೆ ಅವನೊಬ್ಬನ ಮೇಲೆ ಮುಗಿಯುತ್ತಿತ್ತು. ಸಾಹೇಬರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅಂದು ಹದಿನೈದು ನಿಮಿಷವೂ ಆಗಲಿಲ್ಲ. ಅವನು ಹೊರಗೆ ಬಂದು, "ಬರ್ತೀನಿ ಅಕ್ಕ" ಎಂದು ಹೇಳಿ, ಕೋಟು ತೆಗೆದುಕೊಂಡು ಹೋದ.

ಅವನನ್ನು ನೆಲಮಾಳಿಗೆಯ ಗ್ರಂಥಾಲಯಕ್ಕೆ ಹಾಕಿದರು. ಮೇಲಿನವರ ಹಳೆಯ ಪತ್ರಿಕೆಗಳನ್ನು ಓದಿ ಸಾರಾಂಶ ಬರೆಯುವ ಕೆಲಸ. ಮೇಲಿನವರು ಅವನ ಪಾಸು ರದ್ದು ಮಾಡಿದರು. ಸೇತುವೆ ದಾಟುವಂತಿಲ್ಲ ಎಂಬುದು ನನಗೆ ಗೊತ್ತಾದದ್ದು ಕ್ಯಾಂಟೀನಿನಲ್ಲಿ, ಯಾರೋ ಯಾರಿಗೋ ಹೇಳುವಾಗ. ಕೈಯಲ್ಲಿದ್ದ ಬಿಸ್ಕತ್ತನ್ನು ಹಾಗೇ ತಟ್ಟೆಯಲ್ಲಿಟ್ಟು ಎದ್ದುಬಂದೆ.

ಅಲ್ಲಿಗೆ ನನ್ನ ಬಯಕೆ ಕೈಗೂಡಿತು. ನಿವೃತ್ತಿಗೆ ಹತ್ತು ದಿನವಿದ್ದಾಗ ಸಾಹೇಬರು ಕರೆದು, "ಟಿಪ್ಪಣಿ ಬರೆಸೋಣ, ಕೂತ್ಕೊಳ್ಳಿ" ಎಂದರು. ಕೂತೆ. ನಾಲ್ಕು ದಿನ ಬರೆಸಿದರು, ನಡೆಯುತ್ತಾ. ಎಂಟು ದೇಶಗಳು, ಅರವತ್ತೆರಡು ಪುಟ. ಯಾರಿಗೆ ಹೆಚ್ಚು ಆಶೆ ತೋರಿಸಬಾರದು, ಯಾರ ಕೋಪ ಬರೀ ಗಂಟಲಲ್ಲಿರುತ್ತದೆ, ಯಾರ ನಗುವಿಗೆ ಹೆದರಬೇಕು. ಐದನೇ ದಿನ ಮೇಲಿನವರ ಸರದಿ ಬಂದಾಗ ಕಿಟಕಿಯ ಹತ್ತಿರ ನಿಂತುಬಿಟ್ಟರು.

"ಈ ಭಾಗ ಅವನು ಹೇಳಲಿ. ನೀವು ಕೆಳಗೆ ಹೋಗಿ ಬರ್ಕೊಂಡು ಬನ್ನಿ. ನಾನು ಸಹಿ ಹಾಕ್ತೀನಿ."

ಒಬ್ಬರನ್ನು ಮಾತ್ರ ಕೂರಿಸಿಕೊಳ್ಳುವ ಪದ್ಧತಿ. ಅದನ್ನೂ ಅವನಿಗಾಗಿ ಮುರಿದರು. ಹಲ್ಲು ಕಡಿಯುತ್ತಲೇ ಮೆಟ್ಟಿಲು ಇಳಿದೆ.

ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟು, ಹಳೆಯ ಕಾಗದದ ವಾಸನೆ. ಅವನು ಎದ್ದು ನಿಂತು ತನ್ನ ಕುರ್ಚಿಯನ್ನೇ ನನ್ನ ಕಡೆ ತಳ್ಳಿದ, ಕೈಯಿರುವ ಕುರ್ಚಿ. ತಾನು ಪತ್ರಿಕೆಗಳ ಕಟ್ಟಿನ ಮೇಲೆ ಕೂತ.

ನಾನು ಪ್ಯಾಡು ತೆರೆಯುವ ಮೊದಲೇ ಕೇಳಿದೆ: "ನಾನೇ ಅಂತ ನಿನಗೆ ಯಾವಾಗ ಗೊತ್ತಾಯ್ತು?"

"ನಿಮಗೆ ಆ ಭಾಷೆ ಬರುತ್ತೆ ಅಂತಾನಾ? ಮೂರು ವರ್ಷ ಆಯ್ತು ಅಕ್ಕ. ಅವರು ಏನಾದ್ರೂ ತಮಾಷೆ ಮಾಡಿದ್ರೆ, ನಾನು ಹೇಳೋಕ್ಕೆ ಮುಂಚೇನೇ ನೀವು ನಗ್ತಿದ್ರಿ."

"ಯಾಕೆ ಸಾಹೇಬರಿಗೆ ಹೇಳ್ಲಿಲ್ಲ?"

"ಇಷ್ಟು ಕಷ್ಟಪಟ್ಟು ಕಲ್ತಿದ್ದೀರಿ, ನೀವೇ ಒಂದಿನ ಹೇಳ್ತೀರಿ ಅಂದ್ಕೊಂಡೆ."

ಹನ್ನೊಂದು ವರ್ಷದಿಂದ ಕೊರೆಯುತ್ತಿದ್ದುದನ್ನು ಕೇಳಿದೆ. ಆ ಹದಿನೈದು ನಿಮಿಷ ಒಳಗೆ ಏನು ಮಾತಾಡುತ್ತಿದ್ದಿರಿ?

ಅವನಿಗೆ ಆಶ್ಚರ್ಯವಾಯಿತು. "ಏನಿಲ್ಲ ಅಕ್ಕ. ಇವತ್ತು ಅವರಲ್ಲಿ ಯಾರ ಮುಖ ಸಪ್ಪಗಿತ್ತು ಅಂತ ಕೇಳೋರು. ಯಾರಿಗಾದ್ರೂ ಅವಮಾನ ಆಗಿದೆಯಾ ಅಂತ. ಆಮೇಲೆ ಸಾಹೇಬರ ಮೊಣಕಾಲು ನೋವಿನ ಕಥೆ. ನನಗೂ ಮೊಣಕಾಲು ನೋವು, ಅದಕ್ಕೇ ನಿಮ್ಮ ಹತ್ರ ಹೇಳ್ತಿರಲಿಲ್ಲವೇನೋ." ಇಷ್ಟು ಹೇಳಿ ಬಿಸಿನೀರು ಬಗ್ಗಿಸಿ ನನ್ನ ಮುಂದಿಟ್ಟ. ಅಂದು ಕುಡಿದೆ.

ಆಮೇಲೆ ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಬಿಳಿ ಹುಬ್ಬಿನವರು ಬೆಳಗಿನ ಹೊತ್ತು ಒರಟು, ಊಟದ ಮೇಲೆ ಮೆತ್ತಗಾಗುತ್ತಾರೆ. ಬೇಡ ಎನ್ನುವುದನ್ನು ಅವರ ಜನ ಎದುರಿಗೆ ಹೇಳುವುದಿಲ್ಲ, ನೋಡೋಣ ಎನ್ನುತ್ತಾರೆ. ಅಣೆಕಟ್ಟನ್ನು ಹೊಗಳಿದರೆ ಕರಗುತ್ತಾರೆ, ಆದರೆ ಸುಳ್ಳು ಹೊಗಳಿಕೆ ಥಟ್ಟನೆ ತಿಳಿಯುತ್ತದೆ. ಸಾಹೇಬರ ಮಾತಿನಂತೆಯೇ ಇತ್ತು, ಕೆಲವು ಕಡೆ ಅದಕ್ಕಿಂತ ಚೆನ್ನಾಗಿತ್ತು. ಕೊನೆಗೆ ಬಂದ.

"ಬರ್ಕೊಳ್ಳಿ ಅಕ್ಕ. ಕಳೆದ ಸುತ್ತಿನ ಮಾತುಕತೆ ಮುರಿದುಬಿದ್ದದ್ದು ದುಭಾಷಿಯ ತಪ್ಪಿನಿಂದ. ಆಚೆಯವರು ತಮ್ಮೊಳಗೆ ಆಡಿಕೊಂಡ ಮಾತನ್ನು ಅವನು ಈಚೆಗೆ ದಾಟಿಸಿದ. ಅವನನ್ನು ಮತ್ತೆ ಆ ಮೇಜಿನ ಹತ್ತಿರ ಕೂರಿಸಬಾರದು."

ಪೆನ್ಸಿಲ್ ಕೆಳಗಿಟ್ಟೆ. "ಇದನ್ನ ನಾನು ಬರೆಯಲ್ಲ. ಮೇಲಿನವರಿಗೆ ಹೇಳಿದ ಸುಳ್ಳು ಸಾಕು. ಇದು ನಮ್ಮವರೇ ಓದೋದು. ಇಲ್ಲಾದ್ರೂ ನಿಜ ಇರಲಿ."

"ನಮ್ಮವರಲ್ಲೂ ಬಾಯಿ ತಡೆಯದೋರು ಇರ್ತಾರೆ, ನೋಡಿದ್ರಲ್ಲ." ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಮುಂದೆ ಬರೋ ಸಾಹೇಬರಿಗೂ ಬರೆದುಕೊಳ್ಳೋಕೆ ನೀವೇ ಬೇಕು. ನಿಜ ಹೇಳಿದ್ರೆ ನಿಮ್ಮನ್ನೂ ಎಬ್ಬಿಸ್ತಾರೆ. ನನ್ನ ಪಾಸಂತೂ ವಾಪಸ್ ಬರಲ್ಲ. ಹೋದ ವಾರ ನಮ್ಮಕ್ಕ ಸೇತುವೆ ಆಚೆ ತುದೀಲಿ ಬಂದು ನಿಂತಿದ್ಲು. ನಾನು ಈಚೆ ತುದೀಲಿ. ಕೈ ಬೀಸಿದ್ವಿ, ಅಷ್ಟೇ. ಅಷ್ಟು ದೂರಕ್ಕೆ ಮಾತು ಕೇಳ್ಸಲ್ಲ. ಇಬ್ಬರಿಗೂ ನಷ್ಟ ಆಗೋದು ಯಾಕೆ? ಬರೀರಿ."

ಬರೆದೆ. ಮೇಲೆ ಬಂದು ಟೈಪ್ ಮಾಡಿದೆ. ನನ್ನ ಪಾಪವನ್ನು ಅವನ ತಲೆಗೆ ಕಟ್ಟುವ ಮೂರು ವಾಕ್ಯವನ್ನು, ಒಂದಕ್ಷರ ತಪ್ಪದೆ. ಅಷ್ಟು ಚೊಕ್ಕವಾದ ಪುಟ ನನ್ನ ಕೈಯಿಂದ ಬೇರೆ ಬಂದಿಲ್ಲ.

ಸಾಹೇಬರು ಓದಿದರು. ಕೊನೆಯ ಸಾಲುಗಳ ಹತ್ತಿರ ಪೆನ್ನು ಹಿಡಿದು ತುಂಬಾ ಹೊತ್ತು ಕೂತರು. ಇದನ್ನು ಅವರು ಬರೆಸಿರಲಿಲ್ಲ, ನನಗೆ ಗೊತ್ತು. ಹೊಡೆದುಹಾಕುತ್ತಾರೆ ಎಂದುಕೊಂಡೆ, ಹೊಡೆದುಹಾಕಲಿ ಎಂದೂ ಬೇಡಿಕೊಂಡೆ. ಅವರು ಸಹಿ ಹಾಕಿದರು. ಲಕೋಟೆಗೆ ಸೇರಿಸಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಒತ್ತುತ್ತಾ, ನನ್ನ ಮುಖ ನೋಡದೆ, "ಇಷ್ಟು ವರ್ಷದ ಕೆಲಸದಲ್ಲಿ ಅವನಂಥವನು ನನಗೆ ಇನ್ನೊಬ್ಬ ಸಿಗಲಿಲ್ಲ" ಎಂದರು.

ಇಪ್ಪತ್ನಾಲ್ಕು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ. ನನ್ನ ಎದುರಿಗೇ ಹೇಳಿದರು, ಅವನ ಬಗ್ಗೆ. ಆಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ನಾಚಿಕೆ ಬಂದದ್ದು ಆಮೇಲೆ, ಸಂಜೆ ಮನೆಗೆ ಹೊರಟು ನೆಲಮಾಳಿಗೆಯ ಬಾಗಿಲು ದಾಟುವಾಗ. ಒಳಗೆ ಅವನು ಒಬ್ಬನೇ ಕೂತು ಹಳೆಯ ಪತ್ರಿಕೆಯನ್ನು ಅಮ್ಮನ ಭಾಷೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ. ಪ್ರತಿಯೊಂದು ಮಾತೂ ನನಗೆ ಅರ್ಥವಾಯಿತು.